ಚಿಲಕ ತೆಗೆದ ಕ್ಷಣಕ್ಕೆ ಮುಗಿಯುತ್ತದೆ

ಮಾರ್ಚ್ 3, ಸೋಮವಾರ

ಇಲಾಖೆಗೆ ಒಪ್ಪಿಗೆ ಪತ್ರ ಬರೆದು ಅಂಚೆಪೆಟ್ಟಿಗೆಗೆ ಹಾಕಿ ಬಂದೆ. ಮೊದಲನೆಯ ಸಾಲಿನಲ್ಲಿ ನನ್ನ ಪೂರ್ಣ ಹೆಸರನ್ನು, ತಂದೆಯವರ ಹೆಸರು ಮತ್ತು ಮನೆತನದ ಹೆಸರುಗಳ ಸಹಿತ, ಒಂದಕ್ಷರವನ್ನೂ ಮೊಟಕುಗೊಳಿಸದೆ ಬರೆದಿದ್ದೇನೆ. ಎರಡನೆಯ ಸಾಲಿನಲ್ಲಿ ಸೇವಾವಧಿ: ಮೂವತ್ತಾರು ವರ್ಷ, ನಾಲ್ಕು ತಿಂಗಳು, ಹನ್ನೊಂದು ದಿನ. ಭಾಷಾ ಶಿಕ್ಷಕಿಯಾಗಿ ಮೂವತ್ತು ವರ್ಷ, ಮುಖ್ಯೋಪಾಧ್ಯಾಯಿನಿಯಾಗಿ ಉಳಿದದ್ದು. ನಾನು ಹೊರಡುವ ಮೊದಲು, ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ತಂಗಿ ಪತ್ರದ ಮೇಲೆ ಕಣ್ಣಾಡಿಸಿ, "ಅಕ್ಕಾ, ಅವರೇ ನಿನ್ನನ್ನ ಕರೆದಿರೋದು. ನೀನು ಯಾರು ಅಂತ ಅವರಿಗೆ ಗೊತ್ತಿಲ್ವಾ?" ಎಂದಳು. ಗೊತ್ತಿರುವುದು ಬೇರೆ, ದಾಖಲಾಗಿರುವುದು ಬೇರೆ ಎಂದು ತಿಳಿಸಿ ಹೇಳಿದೆ. ಅವಳು ಪೆಡಲು ತುಳಿಯಲಾರಂಭಿಸಿದಳು. ಉತ್ತರ ಹೊಳೆಯದಿದ್ದಾಗ ಅವಳು ಪೆಡಲು ತುಳಿಯುತ್ತಾಳೆ.

ಕೆಲಸದ ಸ್ವರೂಪವನ್ನು ಇಲ್ಲಿ ಬರೆದಿಡುತ್ತೇನೆ. ಹದಿನೆಂಟು ತುಂಬದ ಮಕ್ಕಳು ಅಪರಾಧ ಮಾಡಿದರೆಂದು ನ್ಯಾಯಾಲಯ ಹೇಳಿದಾಗ ಅವರನ್ನು ಬೀಗ ಹಾಕಿದ ಬಾಲಗೃಹಗಳಲ್ಲಿ ಇಡುತ್ತಾರೆ. ಅವುಗಳನ್ನು ನಡೆಸುವ ನಿಯಮಾವಳಿಯನ್ನು ಇಲಾಖೆ ಈಗ ಮೊದಲ ಬಾರಿಗೆ ನಮ್ಮ ಭಾಷೆಯಲ್ಲೇ ಹೊರಡಿಸುತ್ತಿದೆ. ಅಧ್ಯಾಯ ಒಂದು: ವ್ಯಾಖ್ಯೆಗಳು. ಒಟ್ಟು ಐವತ್ತೆರಡು ಪದಗಳು. ಅವುಗಳ ಅರ್ಥವನ್ನು ತಿದ್ದಿ, ತೂಗಿ, ಯಾರೂ ಬೆರಳಿಡಲಾಗದಂತೆ ನಿಲ್ಲಿಸುವುದು ನನ್ನ ಹೊಣೆ. ಕರೆದವನು ಇಲಾಖೆಯ ಉಪನಿರ್ದೇಶಕ, ನನ್ನ ಹಳೆಯ ವಿದ್ಯಾರ್ಥಿ. ಅವನು ಬರೆಯುತ್ತಿದ್ದ ಪ್ರಬಂಧಗಳು ಎಲ್ಲಿ ಆರಂಭವಾಗುತ್ತಿದ್ದವೋ ಅಲ್ಲಿಗೇ ಬಂದು ಮುಗಿಯುತ್ತಿದ್ದವು. ಆಡಳಿತಕ್ಕೆಂದೇ ಅವನು ಹುಟ್ಟಿದವನೆಂದು ನಾನು ಆಗ ಊಹಿಸಿರಲಿಲ್ಲ.

ಮಾರ್ಚ್ 5, ಬುಧವಾರ

ಮೊದಲ ಸಭೆ. ಬೆಳಿಗ್ಗೆ ಹತ್ತಕ್ಕೆ ಕುಳಿತೆವು, ಮಧ್ಯಾಹ್ನ ಎರಡಕ್ಕೆ ಎದ್ದೆವು. ಹನ್ನೊಂದು ಪದಗಳು ತೀರ್ಮಾನವಾದವು.

'ಕೈದಿ' ಎನ್ನುವಂತಿಲ್ಲ, 'ನಿವಾಸಿ' ಎನ್ನಬೇಕು. ಒಪ್ಪಿದೆ, ಗೌರವದ ಪದ. 'ತಪ್ಪಿಸಿಕೊಂಡು ಓಡುವುದು' ಇನ್ನು ಮುಂದೆ 'ಅನುಮತಿರಹಿತ ನಿರ್ಗಮನ'. 'ಊಟ ಬಿಟ್ಟು ಹಟ ಹಿಡಿಯುವುದು' ಎಂಬುದಕ್ಕೆ 'ಆಹಾರ ಸೇವನೆಯ ಸ್ವಯಂಪ್ರೇರಿತ ಮುಂದೂಡಿಕೆ' ಎಂದು ಯಾರೋ ಸೂಚಿಸಿದರು. ಉದ್ದವಾಯಿತೆಂದು ಆಕ್ಷೇಪಿಸಿದೆ. 'ಸ್ವಯಂಪ್ರೇರಿತ' ಬಿಟ್ಟರು.

ಬೀಗದ ವಿಷಯದಲ್ಲಿ ಒಂದೂವರೆ ಗಂಟೆ ಹೋಯಿತು. ಬಾಲಗೃಹದಲ್ಲಿ 'ಬೀಗ' ಎಂಬ ಪದ ಕೇಳಿದರೆ ಜನರಿಗೆ ಜೈಲಿನ ನೆನಪಾಗುತ್ತದೆಯಂತೆ. ಆದ್ದರಿಂದ 'ಪ್ರವೇಶ ನಿಯಂತ್ರಣ ಸಾಧನ' ಎನ್ನೋಣ ಎಂದ ಉಪನಿರ್ದೇಶಕ. ಹಾಗಾದರೆ ಬೀಗದ ಕೈಗೆ ಏನನ್ನುವಿರಿ ಎಂದು ಕೇಳಿದೆ. ಅವನು ಸಹಾಯಕರ ಕಡೆ ನೋಡಿದ, ಸಹಾಯಕರು ಫ್ಯಾನಿನ ಕಡೆ ನೋಡಿದರು. ಕೊನೆಗೆ 'ಪ್ರವೇಶ ನಿಯಂತ್ರಣ ನಿವಾರಣಾ ಸಾಧನ' ಎಂಬುದು ಹೊರಬಿತ್ತು. ಗಂಟಲು ಸರಿಪಡಿಸಿಕೊಂಡು, ಮೂರನೆಯ ತರಗತಿಯ ಮಗುವಿಗೆ ಹೇಳುವಂತೆ ಹೇಳಿದೆ: ಬೀಗಕ್ಕೆ ಬೀಗ, ಚಿಲಕಕ್ಕೆ ಚಿಲಕ. ಎರಡೂ ಉಳಿದವು.

ಮನೆಗೆ ಬಂದು ತಂಗಿಗೆ ಈ ಗೆಲುವನ್ನು ವಿವರಿಸಿದೆ. "ಅಂದ್ರೆ ನಾಲ್ಕು ಗಂಟೆ ಕೂತು ಬೀಗಕ್ಕೆ ಬೀಗ ಅಂತ ಹೆಸರಿಟ್ಟು ಬಂದ್ರಿ" ಎಂದಳು. ಅವಳಿಗೆ ಆಡಳಿತ ಭಾಷೆಯ ಸೂಕ್ಷ್ಮಗಳು ತಿಳಿಯುವುದಿಲ್ಲ.

ಮಾರ್ಚ್ 7, ಶುಕ್ರವಾರ

ಇಂದು ನನ್ನ ಜೀವಮಾನದ ಅತ್ಯುತ್ತಮ ವಾಕ್ಯಗಳಲ್ಲಿ ಎರಡನ್ನು ಬರೆದೆ. ಆತ್ಮಪ್ರಶಂಸೆ ನನ್ನ ಸ್ವಭಾವವಲ್ಲ, ಆದರೆ ದಿನಚರಿ ಸತ್ಯವನ್ನು ಬೇಡುತ್ತದೆ.

ಹದಿನೇಳನೆಯ ಪದ 'ಪ್ರತ್ಯೇಕವಾಸ'. ಅಂದರೆ ಶಿಸ್ತಿಗಾಗಿಯೋ ಸುರಕ್ಷತೆಗಾಗಿಯೋ ಒಬ್ಬ ನಿವಾಸಿಯನ್ನು ಒಂಟಿಯಾಗಿ ಕೋಣೆಯಲ್ಲಿ ಇಡುವುದು. ಇದು ಒಂದು ಬಾರಿಗೆ ನಾಲ್ಕು ಗಂಟೆ ಮೀರಬಾರದು, ಮೀರಿದರೆ ಮಕ್ಕಳ ನ್ಯಾಯಾಲಯದ ನ್ಯಾಯಾಧೀಶರ ಆದೇಶ ಬೇಕು ಎಂದು ಐದನೆಯ ಅಧ್ಯಾಯ ಹೇಳುತ್ತದೆ. ಹಾಗಾದರೆ ಈ 'ಒಂದು ಬಾರಿ' ಎಲ್ಲಿ ಶುರು, ಎಲ್ಲಿ ಕೊನೆ? ಕರಡಿನಲ್ಲಿ ಯಾವನೋ ಗುಮಾಸ್ತ ಹೀಗೆ ಬರೆದಿದ್ದ: "ಹುಡುಗಿಯನ್ನು ಬೇರೆಯವರ ಜೊತೆ ಇರಲು ಬಿಡದೆ ಒಬ್ಬಳನ್ನೇ ಇಡುವುದು, ಅವಳು ತಿರುಗಿ ಎಲ್ಲರ ಜೊತೆ ಕೂಡಿಕೊಳ್ಳುವ ತನಕ." ಕೂಡಿಕೊಳ್ಳುವುದು ಎಂದರೇನು? ಯಾವ ಕ್ಷಣಕ್ಕೆ? ಇದು ವ್ಯಾಖ್ಯೆಯಲ್ಲ, ಹರಟೆ. ಅಡ್ಡಗೆರೆ ಎಳೆದು ಅಂಚಿನಲ್ಲಿ 'ಸಡಿಲ' ಎಂದು ಬರೆದೆ. ಅದರ ಕೆಳಗೆ ನನ್ನದು:

"ಪ್ರತ್ಯೇಕವಾಸ ಎಂದರೆ ನಿವಾಸಿಯನ್ನು, ಹೊರಗಿನಿಂದ ಚಿಲಕ ಹಾಕಿದ ಕೊಠಡಿಯಲ್ಲಿ ಏಕಾಂಗಿಯಾಗಿ ಇರಿಸುವುದು. ಅದರ ಅವಧಿಯು ಚಿಲಕ ಹಾಕಿದ ಕ್ಷಣಕ್ಕೆ ಆರಂಭವಾಗಿ ಚಿಲಕ ತೆಗೆದ ಕ್ಷಣಕ್ಕೆ ಮುಗಿಯುತ್ತದೆ."

ಉಪನಿರ್ದೇಶಕ ಎರಡು ಬಾರಿ ಗಟ್ಟಿಯಾಗಿ ಓದಿದ. ಗಡಿಯಾರ ಹಿಡಿದು ಅಳೆಯಬಹುದಾದ ವಾಕ್ಯ ಎಂದ. ಶಾಲೆಯಲ್ಲಿ ಅವನಿಗೆ ಇನ್ನೆರಡು ಅಂಕ ಕೊಡಬಹುದಾಗಿತ್ತೇನೋ.

ಮಾರ್ಚ್ 10, ಸೋಮವಾರ

ನಿಯಮಾವಳಿ ಅಂತಿಮವಾಗಿ ಜಾರಿಗೆ ಬರುವ ಮೊದಲು ಮೂರು ವಾರಗಳ ಕಾಲ ಊರಾಚೆಯ ಹೆಣ್ಣುಮಕ್ಕಳ ಬಾಲಗೃಹದಲ್ಲಿ ಅದನ್ನು ಪ್ರಾಯೋಗಿಕವಾಗಿ ಪಾಲಿಸಬೇಕೆಂದು ಇಂದಿನಿಂದ ಆದೇಶ. ತಿಂಗಳ ಕೊನೆಯ ದಿನ, 'ಪದಾವಳಿ ದೋಷರಹಿತವಾಗಿದೆ' ಎಂಬ ಪ್ರಮಾಣಪತ್ರಕ್ಕೆ ನಾನು ಸಹಿ ಹಾಕಬೇಕು. ಅಲ್ಲಿಯವರೆಗೆ ಬಾಲಗೃಹಕ್ಕೆ ಹೋಗಿ ಪದಬಳಕೆಯನ್ನು ಪರಿಶೀಲಿಸಲು ಪಾಸು ಕೊಟ್ಟಿದ್ದಾರೆ. ಪಾಸಿನಲ್ಲಿ ನನ್ನ ಹೆಸರನ್ನು ತಪ್ಪಾಗಿ ಬರೆದಿದ್ದರು. ತಿದ್ದಿಸಿಕೊಂಡೆ.

ಮಾರ್ಚ್ 19, ಬುಧವಾರ

ಬಾಲಗೃಹಕ್ಕೆ ಮೊದಲ ಭೇಟಿ. ಎತ್ತರದ ಗೋಡೆ, ಎರಡು ಗೇಟು, ನಡುವೆ ಒಂದು ಸಣ್ಣ ಅಂಗಳ. ಅಂಗಳದಲ್ಲಿ ವಾಲಿಬಾಲ್ ಕಂಬಗಳಿವೆ, ಬಲೆಯಿಲ್ಲ. ಗೋಡೆಯ ಮೇಲೆ ಹೊಸದಾಗಿ ಬರೆಸಿದ ಫಲಕದಲ್ಲಿ 'ನಿವಾಸಿಗಳ ಹಕ್ಕುಗಳು' ಎಂದಿದೆ. ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಅಧೀಕ್ಷಕಿಯವರ ಗಮನಕ್ಕೆ ತಂದೆ. ಅವರು ಕೂಡಲೇ ಪೇಂಟರನ್ನು ಕರೆಸುವುದಾಗಿ ಬರೆದುಕೊಂಡರು. ಚುರುಕಾದ ಹೆಂಗಸು. ಇಪ್ಪತ್ತೆಂಟು ಹುಡುಗಿಯರನ್ನು ಪಾಳಿಗೊಬ್ಬ ಕಾವಲುಗಾರ್ತಿಯನ್ನು ಇಟ್ಟುಕೊಂಡು ನಡೆಸುತ್ತಿದ್ದಾರೆ.

ಪ್ರತ್ಯೇಕವಾಸದ ವಹಿಯನ್ನು ತರಿಸಿದೆ. ನನ್ನ ವ್ಯಾಖ್ಯೆ ಜೀವ ತಳೆದು ಓಡಾಡುವುದನ್ನು ನೋಡುವ ಸಂತೋಷವನ್ನು ಹೇಗೆ ಬಣ್ಣಿಸಲಿ? ಅಂದವಾದ ಅಕ್ಷರ, ನೇರವಾದ ಗೆರೆ. ಕೊಠಡಿ ಏಳರ ಪುಟವನ್ನು ಮಾದರಿಯಾಗಿ ಆರಿಸಿಕೊಂಡೆ. ಬೆಳಿಗ್ಗೆ 6.00ಕ್ಕೆ ಚಿಲಕ ಹಾಕಿದ್ದು, 9.50ಕ್ಕೆ ತೆಗೆದದ್ದು. 9.51ಕ್ಕೆ ಹಾಕಿದ್ದು, 1.41ಕ್ಕೆ ತೆಗೆದದ್ದು. 1.42ಕ್ಕೆ ಹಾಕಿದ್ದು, 5.32ಕ್ಕೆ ತೆಗೆದದ್ದು. 5.33ಕ್ಕೆ ಹಾಕಿದ್ದು, ರಾತ್ರಿ 9ಕ್ಕೆ ಎಲ್ಲರೂ ಮಲಗುವ ಹೊತ್ತು, ಅಲ್ಲಿಂದ ಬೆಳಗಿನವರೆಗೆ ಎಲ್ಲ ಕೊಠಡಿಗಳಿಗೂ ಚಿಲಕವಾದ್ದರಿಂದ ಅದು ಪ್ರತ್ಯೇಕವಾಸದ ಲೆಕ್ಕಕ್ಕಿಲ್ಲ. ಹದಿಮೂರನೆಯ ತಾರೀಕಿನಿಂದ ದಿನವೂ ಹೀಗೆಯೇ. ಒಮ್ಮೆಯೂ ನಾಲ್ಕು ಗಂಟೆ ಮುಟ್ಟಿಲ್ಲ. ಎಂಥ ಶಿಸ್ತು. ಪುಟಗಳ ನಕಲು ಕೇಳಿದೆ, ಅಧೀಕ್ಷಕಿ ಹೆಮ್ಮೆಯಿಂದ ಮಾಡಿಸಿಕೊಟ್ಟರು. ಒಂದೇ ಕೊರತೆ, ಷರಾ ಅಂಕಣ ಖಾಲಿ. ವಹಿ ಬರೆಯುವ ಹಗಲು ಪಾಳಿಯ ಕಾವಲುಗಾರ್ತಿಯನ್ನು ಕರೆದು, ಯಾವ ದಾಖಲೆಯಲ್ಲೂ ಅಂಕಣವನ್ನು ಖಾಲಿ ಬಿಡಬಾರದು, ನಡೆದದ್ದನ್ನು ನಡೆದ ಹಾಗೆ ಎರಡು ಮಾತಿನಲ್ಲಾದರೂ ಬರೆಯಬೇಕು ಎಂದು ತಾಕೀತು ಮಾಡಿದೆ. ಐವತ್ತರ ಆಸುಪಾಸಿನ ಹೆಂಗಸು. "ಆಯ್ತು ಟೀಚರಮ್ಮ" ಎಂದಳು.

ಕೊಠಡಿ ಏಳರ ಬಾಗಿಲಿನ ಕಿಂಡಿಯಿಂದ ನೋಡಿದೆ. ಹದಿನಾರರ ನಿವಾಸಿ. ಊಟದ ತಟ್ಟೆ ಎಸೆದು ಕಾವಲುಗಾರ್ತಿಯ ಭುಜಕ್ಕೆ ಪೆಟ್ಟು ಮಾಡಿದಳಂತೆ. ಗೋಡೆಗೆ ಒರಗಿ ಕುಳಿತಿದ್ದಳು. ನಾನು ಬಂದು ನಿಂತರೂ ಏಳಲಿಲ್ಲ. ಮೂವತ್ತಾರು ವರ್ಷದಲ್ಲಿ ನಾನು ಒಳಗೆ ಕಾಲಿಟ್ಟಾಗ ಎದ್ದು ನಿಲ್ಲದ ವಿದ್ಯಾರ್ಥಿನಿಯನ್ನು ಕಂಡಿಲ್ಲ. ಮನೆಯ ಸಂಸ್ಕಾರ.

ಮಾರ್ಚ್ 20, ಗುರುವಾರ

ಊಟದ ಹೊತ್ತಿಗೆ ತಂಗಿಗೆ ವಹಿಯ ನಕಲನ್ನು ತೋರಿಸಿದೆ, ಅಕ್ಷರದ ಅಂದ ನೋಡಲೆಂದು. ಅವಳು ಸೂಜಿಗೆ ದಾರ ಪೋಣಿಸುವಾಗ ನೋಡುವಂತೆ ಹತ್ತಿರ ಹಿಡಿದು ನೋಡಿದಳು. "ಒಂಬತ್ತು ಐವತ್ತಕ್ಕೆ ತೆಗೆದು ಒಂಬತ್ತು ಐವತ್ತೊಂದಕ್ಕೆ ಹಾಕಿದ್ರೆ, ಆ ಹುಡುಗಿ ಆಚೆ ಬಂದಿದ್ದು ಯಾವಾಗ?" ಎಂದು ಕೇಳಿದಳು. ವ್ಯಾಖ್ಯೆಯ ಪ್ರಕಾರ ಅವಧಿ ಮುಗಿಯಲು ಚಿಲಕ ತೆಗೆದರೆ ಸಾಕು, ಆಚೆ ಬರುವುದು ಬಿಡುವುದು ಬೇರೆಯ ವಿಷಯ ಎಂದು ವಿವರಿಸಿದೆ.

"ಅಕ್ಕಾ, ಹೋದ ವರ್ಷ ಬಚ್ಚಲುಮನೆ ಚಿಲಕ ಸಿಕ್ಕಾಕ್ಕೊಂಡು ನೀನು ಒಳಗೇ ಇದ್ದಿದ್ದು ಇಪ್ಪತ್ತು ನಿಮಿಷ. ಬೀದಿ ಜನ ಎಲ್ಲ ಸೇರಿದ್ರು. ಬಡಗಿ ಬಂದು ಬಾಗಿಲು ಕೀಳೋ ತನಕ ನೀನು ಪದ್ಯ ಹೇಳ್ಕೊಂಡು ಅಳ್ತಿದ್ದೆ."

ಅಳುತ್ತಿರಲಿಲ್ಲ. ಮನಸ್ಸಿನ ಸ್ಥಿಮಿತಕ್ಕಾಗಿ ಕಂಠಪಾಠ ಒಪ್ಪಿಸುತ್ತಿದ್ದೆ. ಆ ಪ್ರಸಂಗ ಇಲ್ಲಿ ಅಪ್ರಸ್ತುತ.

ಮಾರ್ಚ್ 21, ಶುಕ್ರವಾರ

ಎರಡನೆಯ ಭೇಟಿ. ನಿವಾಸಿಗಳಿಗೆ ಹೊಸ ಪದಗಳು ಅರ್ಥವಾಗಿವೆಯೇ ಎಂದು ತಿಳಿಯಬೇಕಿತ್ತು. ಊಟದ ಕೋಣೆಯಲ್ಲಿ ಕೆಲವರನ್ನು ಕೂರಿಸಿ ಕೇಳಿದೆ. ಅವರಲ್ಲಿ ಗಿಡ್ಡನೆಯ ಒಬ್ಬಳು, ಅನುಮತಿರಹಿತ ನಿರ್ಗಮನ ಎಂದರೆ ಗೋಡೆ ಹಾರೋದು ಎಂದು ಥಟ್ಟನೆ ಹೇಳಿದಳು. ಅನುಮತಿಸಹಿತ ನಿರ್ಗಮನ ಯಾವಾಗ ಟೀಚರ್ ಎಂದೂ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ.

ಹೊರಗೆ ಬರುವಾಗ ಓಣಿಯಲ್ಲಿದ್ದೆ. ಗಡಿಯಾರ ಒಂದು ನಲವತ್ತೊಂದು ತೋರಿಸುತ್ತಿತ್ತು. ಕಾವಲುಗಾರ್ತಿ ಏಳನೆಯ ಕೊಠಡಿಯ ಮುಂದೆ ನಿಂತು ಚಿಲಕವನ್ನು ಸರಕ್ಕನೆ ಎಳೆದಳು. ಬಾಗಿಲನ್ನು ಮುಟ್ಟಲೂ ಇಲ್ಲ. ಗೋಡೆಯ ಗಡಿಯಾರವನ್ನು ನೋಡುತ್ತಾ ನಿಂತಳು. ಮುಳ್ಳು ಒಂದು ಸುತ್ತು ಬಂದ ಮೇಲೆ ಚಿಲಕವನ್ನು ಮತ್ತೆ ತಳ್ಳಿದಳು. ವಹಿ ತೆಗೆದು ಬರೆದುಕೊಂಡಳು.

ಇದೇನು ಮಾಡಿದೆ ಎಂದು ಕೇಳಿದೆ.

"ನಾಲ್ಕು ಗಂಟೆ ಆಗ್ತಾ ಬಂತಲ್ಲ ಟೀಚರಮ್ಮ, ತೆಗೆದು ಹಾಕಿದೆ. ಚಿಲಕ ತೆಗೆದ್ರೆ ಮುಗೀತು, ಹಾಕಿದ್ರೆ ಹೊಸದು. ಪುಸ್ತಕದಲ್ಲಿ ಹಂಗೇ ಇದೆ ಅಂತ ಇಲಾಖೆ ಸಾಹೇಬ್ರು ಬಂದು ಓದಿ ಹೇಳಿದ್ರು."

ಮೊದಲು ಏನು ಮಾಡುತ್ತಿದ್ದಿರಿ ಎಂದೆ. ಮೊದಲೆಲ್ಲ ನಾಲ್ಕು ಗಂಟೆ ಆಯಿತೆಂದರೆ ಹುಡುಗಿಯನ್ನು ಕರೆದುಕೊಂಡು ಹೋಗಿ ಉಳಿದವರ ಸಾಲಿನಲ್ಲಿ ಕೂರಿಸಬೇಕಿತ್ತು, ಜಗಳ ಆಗಲಿ ಬಿಡಲಿ, ಈಗ ಹೊಸ ಪುಸ್ತಕ ಬಂದ ಮೇಲೆ ಆ ತಾಪತ್ರಯವಿಲ್ಲ ಎಂದಳು. ಅಧೀಕ್ಷಕಿಯವರನ್ನು ಕಂಡೆ. ಅವರು ಒಂದನ್ನೂ ಮುಚ್ಚಿಡಲಿಲ್ಲ. ಪಾಳಿಗೆ ಒಬ್ಬಳೇ ಕಾವಲು, ಆ ಹುಡುಗಿಯನ್ನು ಹೊರಗೆ ಬಿಟ್ಟು ಮತ್ತೇನಾದರೂ ಆದರೆ ತಮ್ಮ ತಲೆಗೆ ಬರುತ್ತದೆ, ಹೊಸ ನಿಯಮದಿಂದ ಎಲ್ಲರಿಗೂ ಅನುಕೂಲವಾಗಿದೆ ಎಂದರು. ಕೊನೆಗೆ ಕೈಮುಗಿದು ನನಗೆ ಧನ್ಯವಾದ ಹೇಳಿದರು.

ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಮಾರ್ಚ್ 22, ಶನಿವಾರ

ವ್ಯಾಖ್ಯೆಯಲ್ಲಿ ದೋಷವಿಲ್ಲ. ಅನ್ವಯದಲ್ಲಿ ದೋಷವಿದೆ.

ಮಾರ್ಚ್ 23, ಭಾನುವಾರ

ಮೇಲಿನದನ್ನು ಮತ್ತೆ ಓದಿದೆ. ಸರಿಯಾಗಿಯೇ ಇದೆ.

ತಂಗಿ, ಹುಡುಗಿಗೆ ಇವತ್ತು ಎಷ್ಟನೇ ದಿನ ಎಂದು ಕೇಳಿದಳು. ಹನ್ನೊಂದು ಎಂದೆ. ಹೊಲಿಗೆ ಯಂತ್ರ ಬಹಳ ಹೊತ್ತು ಓಡಲಿಲ್ಲ.

ಮಾರ್ಚ್ 24, ಸೋಮವಾರ

ಉಪನಿರ್ದೇಶಕನ ಕಚೇರಿಗೆ ಹೋದೆ. ಬಿಸ್ಕತ್ತು ತರಿಸಿದ, ಕುರ್ಚಿಯ ಮೇಲೆ ದಿಂಬು ಹಾಕಿಸಿದ. ನಡೆದದ್ದನ್ನು ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡು, ನಿಯಮಾವಳಿಯ ಅಚ್ಚಿನ ಪ್ರತಿಯನ್ನು ನನ್ನ ಮುಂದೆ ತಿರುಗಿಸಿಟ್ಟ.

"ಮೇಡಂ, ಉಲ್ಲಂಘನೆ ಎಲ್ಲಾಗಿದೆ ತೋರಿಸಿ. ನಾನೇ ಇವತ್ತೇ ಕ್ರಮ ತಗೋತೀನಿ."

ತೋರಿಸಲಾಗಲಿಲ್ಲ. ಪುಟವನ್ನು ಹಿಂದೆ ಮುಂದೆ ತಿರುವಿದೆ. ಮೂವತ್ತಾರು ವರ್ಷ ಇನ್ನೊಬ್ಬರ ಬರಹದಲ್ಲಿ ತಪ್ಪು ಹುಡುಕಿದ ಕಣ್ಣು ನನ್ನ ಬರಹದ ಮೇಲೆ ಜಾರಿ ಜಾರಿ ಹೋಗುತ್ತಿತ್ತು. ನಿಯಮದ ಉದ್ದೇಶ ಹಾಗಿರಲಿಲ್ಲ ಎಂದೆ.

"ಉದ್ದೇಶ ಪುಸ್ತಕದಲ್ಲಿ ಎಲ್ಲಿದೆ ಮೇಡಂ? ಬರೆದದ್ದನ್ನ ಬರೆದ ಹಾಗೇ ಓದಬೇಕು, ನಿನ್ನ ಮನಸ್ಸಿನಲ್ಲಿರೋದನ್ನ ತುರುಕಬೇಡ ಅಂತ ನನ್ನ ಕಿವಿ ಹಿಂಡಿ ಕಲಿಸಿದ್ದು ನೀವೇ ಅಲ್ವಾ?"

ಕಿವಿ ಹಿಂಡಿದ್ದು ನಿಜ. ಇನ್ನೂ ಸ್ವಲ್ಪ ಬೇರೆ ರೀತಿಯಲ್ಲಿ ಹಿಂಡಬೇಕಾಗಿತ್ತು.

ತಿದ್ದುಪಡಿ ಮಾಡಬಹುದೇ ಎಂದು ಕೇಳಿದೆ. ಮಾಡಬಹುದಂತೆ. ಅಚ್ಚಿಗೆ ಹೋದ ಮೇಲೆ ವ್ಯಾಖ್ಯೆಯನ್ನು ಬದಲಿಸಲು 'ದೋಷ ನಿವೇದನಾ ನಮೂನೆ' ಎಂಬುದೊಂದಿದೆ. ಅದನ್ನು ವ್ಯಾಖ್ಯೆ ಬರೆದವರೇ ತುಂಬಬೇಕು. ದೋಷ ಯಾರದು, ಹೇಗಾಯಿತು ಎಂಬುದನ್ನು ಸ್ವಹಸ್ತದಿಂದ ಬರೆಯಬೇಕು. ಹಾಗೆ ಬರೆದವರ ಹೆಸರು ತಜ್ಞರ ಪಟ್ಟಿಯಿಂದ ತಾನಾಗಿಯೇ ಹೋಗುತ್ತದೆ. ಆಮೇಲೆ ನಲವತ್ತೈದು ದಿನಗಳೊಳಗೆ ಸಮಿತಿ ಕೂಡಿ ಪರಿಶೀಲಿಸುತ್ತದೆ. ಅಲ್ಲಿಯವರೆಗೆ ಆ ಹುಡುಗಿ ಎಂದೆ. ಅಲ್ಲಿಯವರೆಗೆ ಅಚ್ಚಾದ ನಿಯಮ ಜಾರಿಯಲ್ಲಿರುತ್ತದೆ ಎಂದ. ಆಮೇಲೆ ಮೆತ್ತಗೆ, ಮೂವತ್ತೊಂದರಂದು ನನ್ನನ್ನು ಸನ್ಮಾನಿಸಲು ಸಭಾಂಗಣ ಗೊತ್ತುಮಾಡಿಯಾಗಿದೆ, 'ಪದಶಿಲ್ಪಿ' ಎಂಬ ಬಿರುದು ಕೊಡುತ್ತಾರೆ, ಸಚಿವರು ಬರುತ್ತಾರೆ ಎಂದು ತಿಳಿಸಿದ. ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರು ಪೂರ್ಣವಾಗಿ, ಸರಿಯಾಗಿ ಅಚ್ಚಾಗಿದೆ. ಅದನ್ನು ಗಮನಿಸಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಗಮನಿಸಿದೆ.

ನಮೂನೆಯ ಒಂದು ಪ್ರತಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಂದೆ.

ಮಾರ್ಚ್ 25, ಮಂಗಳವಾರ

ಬಾಲಗೃಹ. ಪದಬಳಕೆ ಪರಿಶೀಲನೆ ಎಂದು ಬರೆದು ಒಳಗೆ ಹೋದೆ. ಅದು ಸುಳ್ಳು. ಏಳನೆಯ ಕೊಠಡಿಯ ಮುಂದೆ ಒಂದು ಸ್ಟೂಲು ಹಾಕಿಸಿಕೊಂಡು ಕಿಂಡಿಯ ಎತ್ತರಕ್ಕೆ ಮುಖ ಇಟ್ಟು ಕುಳಿತೆ. ನಾನು ಕಂಡಂತೆ ಒಳಗೆ ಒಂದು ಕಬ್ಬಿಣದ ಮಂಚ, ಮೂಲೆಯಲ್ಲಿ ನಲ್ಲಿ, ಅರ್ಧಗೋಡೆಯ ಹಿಂದೆ ಶೌಚ, ತಲೆಗಿಂತ ಎತ್ತರದಲ್ಲಿ ಒಂದು ಕಿಟಕಿ. ಓದಲು ಏನೂ ಇಲ್ಲ.

"ನೀವೇನಾ ಆ ಪುಸ್ತಕ ಬರೆದೋರು?" ಎಂದಳು ಹುಡುಗಿ.

ಮೊದಲ ಅಧ್ಯಾಯ ಮಾತ್ರ ಎಂದೆ. ಎಷ್ಟು ಹೇಡಿಯ ಉತ್ತರ.

ತಟ್ಟೆಯನ್ನು ಯಾಕೆ ಎಸೆದೆ ಎಂದು ಕೇಳಿದೆ. ಅವಳ ತಾಯಿ ನೋಡಲು ಬಂದು ಗೇಟಿನಲ್ಲಿ ಎರಡು ಗಂಟೆ ಕಾದು ಹಿಂದಿರುಗಿದಳಂತೆ. ಬಂದಿದ್ದಳೆಂದು ಇವಳಿಗೆ ಗೊತ್ತಾದದ್ದು ಊಟದ ಹೊತ್ತಿಗೆ. ಎಸೆದದ್ದು ಗೋಡೆಗೆ, ತಗುಲಿದ್ದು ಭುಜಕ್ಕೆ. ಅದು ತಪ್ಪು ಎಂದು ಅವಳೇ ಹೇಳಿದಳು, ನಾನು ಹೇಳಿಸಲಿಲ್ಲ. ಮಾತಿಗೆ ಮಾತು ಬಂದಾಗ, ಹೋದ ವಾರ ನಾನು ಬಂದಾಗ ಏಕೆ ಏಳಲಿಲ್ಲ ಎಂದು ಕೇಳಿಬಿಟ್ಟೆ. ಹಳೆಯ ಚಟ.

"ಮೊದಮೊದಲು ಏಳ್ತಿದ್ದೆ ಟೀಚರ್. ಚಿಲಕದ ಸದ್ದು ಬಂದ ತಕ್ಷಣ ಎದ್ದು ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ನಿಂತ್ಕೋತಿದ್ದೆ. ಆಚೆ ಬಿಡ್ತಾರೆ ಅಂತ. ದಿನಕ್ಕೆ ಮೂರು ಸಲ. ಐದು ದಿನ ಹಂಗೇ ನಿಂತೆ. ಆಮೇಲೆ ಚಪ್ಪಲಿ ಹಾಕ್ಕೊಳೋದು ಬಿಟ್ಟೆ, ಆಮೇಲೆ ಏಳೋದೂ ಬಿಟ್ಟೆ."

ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಬಸ್ಸಿನ ಸಮಯ ಹೇಳುವಂತೆ ಹೇಳಿದಳು.

ಒಂದು ಹಾಳೆ, ಒಂದು ಪೆನ್ಸಿಲು ಕೊಟ್ಟು, ಹದಿಮೂರನೆಯ ತಾರೀಕಿನಿಂದ ನಡೆದದ್ದನ್ನು ಬರೆದುಕೊಡು ಎಂದೆ. ತಪ್ಪಾದರೆ ಬೈತೀರಾ ಎಂದು ಕೇಳಿದಳು. ಬೈಯುವುದಿಲ್ಲ ಎಂದೆ. ನನ್ನನ್ನು ಬಲ್ಲ ಯಾರೂ ಇದನ್ನು ನಂಬುವುದಿಲ್ಲ.

ಒಂದು ನಲವತ್ತೊಂದಕ್ಕೆ ಕಾವಲುಗಾರ್ತಿ ಬಂದಳು. ನಾನು ಸ್ಟೂಲಿನಿಂದ ಏಳಲಿಲ್ಲ. ನನ್ನ ತಲೆಯ ಮೇಲಿಂದ ಕೈಚಾಚಿ ಚಿಲಕ ತೆಗೆದಳು, ಹಾಕಿದಳು. ಒಳಗೆ ಹುಡುಗಿ ತಲೆಯೆತ್ತದೆ ಬರೆಯುತ್ತಿದ್ದಳು.

ಮಾರ್ಚ್ 26, ಬುಧವಾರ

ದೋಷ ನಿವೇದನಾ ನಮೂನೆ. ಅಂಕಣ ನಾಲ್ಕು: ದೋಷದ ವಿವರ ಮತ್ತು ಕಾರಣ.

ಮೊದಲ ಪ್ರಯತ್ನ: "ಕರಡಿನ ಪರಿಷ್ಕರಣೆಯ ಹಂತದಲ್ಲಿ ವ್ಯಾಖ್ಯೆಯೊಳಗೆ ಒಂದು ಸೂಕ್ಷ್ಮವಾದ ಕೊರತೆ ನುಸುಳಿರುವುದು ಕಂಡುಬಂದಿದೆ." ತಂಗಿಗೆ ಓದಿ ಹೇಳಿದೆ. "ಎಲ್ಲಿಂದ ನುಸುಳ್ತು? ಕಿಟಕಿ ತೆಗೆದಿತ್ತಾ?" ಎಂದಳು.

ಎರಡನೆಯ ಪ್ರಯತ್ನ ಮೊದಲನೆಯದಕ್ಕಿಂತ ಉದ್ದವಾಗಿತ್ತು. ಗುಮಾಸ್ತನ ಕರಡು ಸಡಿಲವಾಗಿದ್ದರಿಂದ ಅದನ್ನು ಬಿಗಿಗೊಳಿಸುವ ಅನಿವಾರ್ಯತೆ ಒದಗಿತು ಎಂದು ಆರಂಭಿಸಿದ್ದೆ. ಅರ್ಧಕ್ಕೆ ನಿಲ್ಲಿಸಿ ಗುಮಾಸ್ತನ ಕರಡನ್ನು ತೆಗೆದು ನೋಡಿದೆ. "ಅವಳು ತಿರುಗಿ ಎಲ್ಲರ ಜೊತೆ ಕೂಡಿಕೊಳ್ಳುವ ತನಕ." ಅವನು ಬರೆದದ್ದರಲ್ಲಿ ಒಬ್ಬ ಹುಡುಗಿಯಿದ್ದಾಳೆ, ಅವಳು ಹೊರಗೆ ಬರುತ್ತಾಳೆ, ಆಚೆ ಜನರಿದ್ದಾರೆ. ನಾನು ಬರೆದದ್ದರಲ್ಲಿ ಚಿಲಕ ಮಾತ್ರ ಇದೆ.

ಮೂರನೆಯದು: "ಮೊದಲಿನ ಕರಡು ಸರಿಯಾಗಿತ್ತು. ಅದನ್ನು ನಾನು ಹೊಡೆದುಹಾಕಿದೆ. ತಪ್ಪು ನನ್ನದು."

ಸಹಿ ಹಾಕಿ ಇಲಾಖೆಯ ಟಪಾಲು ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆದೆ. ಸ್ವೀಕೃತಿ ಕೊಟ್ಟ ಹುಡುಗ ನಮೂನೆ ಓದಿ, ಇದನ್ನ ಯಾರೂ ತುಂಬಿದ್ದು ನೋಡೇ ಇಲ್ಲ ಮೇಡಂ ಎಂದ.

ಆದರೆ ನಲವತ್ತೈದು ದಿನ. ಸಂಜೆ ತಂಗಿ ಕೇಳಿದಳು, ಹುಡುಗಿಯನ್ನು ಆಚೆ ಬಿಡಿ ಅಂತ ಹೇಳೋ ಅಧಿಕಾರ ಯಾರಿಗೂ ಇಲ್ವಾ ಎಂದು. ಇದೆ, ಮಕ್ಕಳ ನ್ಯಾಯಾಲಯದ ನ್ಯಾಯಾಧೀಶೆಗೆ ಇದೆ. ಸಮಿತಿಯ ತಜ್ಞರು ಅವರಿಗೆ ನೇರವಾಗಿ ಬರೆಯುವಂತಿಲ್ಲ, ಇಲಾಖೆಯ ಮೂಲಕವೇ ಹೋಗಬೇಕು ಎಂದೆ. "ಈಗ ನೀನು ತಜ್ಞೆ ಅಲ್ವಲ್ಲ ಅಕ್ಕಾ. ಮಧ್ಯಾಹ್ನವೇ ನಿನ್ನ ಹೆಸರು ಹೋಯ್ತಲ್ಲ" ಎಂದಳು.

ಇದು ನನಗೇಕೆ ಹೊಳೆಯಲಿಲ್ಲ ಎಂದು ಅವಳನ್ನು ಕೇಳಲಿಲ್ಲ.

ಮಾರ್ಚ್ 27, ಗುರುವಾರ

ಪಾಸಿಗೆ ಇನ್ನೂ ಜೀವವಿದೆ. ಇಲಾಖೆಯ ಒಂದು ವಿಭಾಗಕ್ಕೆ ಇನ್ನೊಂದರ ಸುದ್ದಿ ತಲುಪಲು ದಿನಗಳು ಬೇಕು. ಬಾಲಗೃಹಕ್ಕೆ ಹೋಗಿ ಹುಡುಗಿಯ ಹಾಳೆಯನ್ನು ಕಿಂಡಿಯ ಮೂಲಕ ತೆಗೆದುಕೊಂಡೆ. ಎರಡೂ ಬದಿ ತುಂಬಿತ್ತು.

ಕಾವಲುಗಾರ್ತಿಯ ಬಳಿ, ನೀನು ಕಂಡದ್ದನ್ನು ಬರೆದು ಸಹಿ ಮಾಡಿಕೊಡುವೆಯಾ ಎಂದು ಕೇಳಿದೆ. ಮನೆಯಲ್ಲಿ ತನ್ನ ಸಂಬಳವೊಂದೇ, ಹೆಸರು ಹಾಕಿಸಬೇಡಿ ಎಂದಳು. ಒತ್ತಾಯಿಸಲಿಲ್ಲ. ಹೊರಡುವಾಗ ಅವಳೇ ವಹಿಯನ್ನು ನನ್ನ ಮುಂದೆ ಬಿಚ್ಚಿಟ್ಟಳು. "ಅಂಕಣ ಖಾಲಿ ಬಿಡಬಾರದು, ನಡೆದಿದ್ದನ್ನ ನಡೆದ ಹಾಗೆ ಬರೀಬೇಕು ಅಂದ್ರಲ್ಲ ಟೀಚರಮ್ಮ. ಇಪ್ಪತ್ತರಿಂದ ತುಂಬಿಸ್ತಾ ಇದೀನಿ. ಸರಿ ಇದೆಯಾ ನೋಡಿ."

ಷರಾ ಅಂಕಣದಲ್ಲಿ, ಪ್ರತಿ ಸಾಲಿನ ಎದುರು, ಅದೇ ಅಂದವಾದ ಅಕ್ಷರದಲ್ಲಿ: "ಚಿಲಕ ತೆಗೆದೆ. ಹುಡುಗಿ ಹೊರಗೆ ಬಂದಿಲ್ಲ. ಚಿಲಕ ಹಾಕಿದೆ." ದಿನಕ್ಕೆ ಮೂರು ಸಲ. ಪ್ರತಿ ಪುಟದ ಕೆಳಗೆ ಅಧೀಕ್ಷಕಿಯವರ ದಿನದ ಸಹಿ, ಓದಿದ್ದೇನೆ ಎಂಬ ಮೊಹರಿನ ಸಹಿತ.

ನಕಲು ಬೇಕೆಂದಾಗ ಅಧೀಕ್ಷಕಿ ತಾವೇ ಪುಟ ತಿರುವಿ ಜೆರಾಕ್ಸಿಗೆ ಕಳಿಸಿದರು. ಷರಾ ಅಂ‌ಕಣ ಈಗ ಪೂರ್ತಿ ತುಂಬಿರುವುದನ್ನು ಬೆರಳಿಟ್ಟು ತೋರಿಸಿ, ನಿಮ್ಮ ಸಲಹೆ ಪಾಲಿಸಿದ್ದೇವೆ ಎಂದರು. ಅವರ ಮುಖ ನೋಡಲು ಕಷ್ಟವಾಯಿತು. ಕೆಟ್ಟವರಲ್ಲ. ಅವರಿಗೆ ಇನ್ನೂ ಮೂವರು ಕಾವಲುಗಾರ್ತಿಯರು ಬೇಕು, ಅದನ್ನೂ ಪತ್ರದಲ್ಲಿ ಬರೆಯುತ್ತೇನೆ.

ಸಂಜೆ ಉಪನಿರ್ದೇಶಕ ಫೋನು ಮಾಡಿದ. ನಮೂನೆ ಅವನ ಮೇಜಿಗೆ ತಲುಪಿತ್ತು. ಈಗಲೂ ಕಾಲ ಮಿಂಚಿಲ್ಲ, ಹಿಂದಕ್ಕೆ ತೆಗೆದುಕೊಳ್ಳಿ, ಸಚಿವರ ಹಾರ ಸಹ ಬಂದಾಯಿತು ಎಂದ. ಆ ಹಾರವನ್ನು ಬೀಗಕ್ಕೆ ಹಾಕು ಎಂದೆ. "ನಿಮಗೆ ಏನಾಗಿದೆ ಮೇಡಂ?" ಎಂದು ನಿಜವಾದ ಕಾಳಜಿಯಿಂದಲೇ ಕೇಳಿದ. ಏನೂ ಆಗಿಲ್ಲ, ಎಂದಿನಂತೆಯೇ ಇದ್ದೇನೆ ಎಂದೆ. ಇದ್ದೇನೆ ಕೂಡ.

ಮಾರ್ಚ್ 28, ಶುಕ್ರವಾರ

ಇಂದಿಗೆ ಹದಿನಾರನೆಯ ದಿನ.

ಪತ್ರ ಒಂದೇ ಪುಟದಲ್ಲಿ ಮುಗಿಯಿತು. ನನಗೆ ಗೊತ್ತಿದ್ದ ದೊಡ್ಡ ಪದಗಳು ಯಾವುವೂ ಬೇಕಾಗಲಿಲ್ಲ. ಹುಡುಗಿಯನ್ನು ಇಂದೇ ಹೊರಗೆ ಕರೆಯಬೇಕೆಂದೂ, ಅವಳ ತಾಯಿಗೆ ಹೇಳಿಕಳಿಸಬೇಕೆಂದೂ ಮೊದಲಿಗೇ ಬರೆದು, ಕಾರಣಗಳನ್ನು ಅನಂತರ ಬರೆದೆ. ತಂಗಿಗೆ ಓದಿ ಹೇಳಿದೆ. ಅವಳು ಪೆಡಲು ತುಳಿಯಲಿಲ್ಲ, ಎದ್ದು ಸೀರೆ ಬದಲಿಸಲು ಹೋದಳು. ಅಂಚೆಗೆ ಹಾಕುವುದಿಲ್ಲ. ಹತ್ತು ಗಂಟೆಗೆ ನ್ಯಾಯಾಲಯ ತೆರೆಯುತ್ತದೆ, ಕೈಯಾರೆ ಕೊಡುತ್ತೇನೆ. ಪತ್ರದ ಕೊನೆಯ ಭಾಗವನ್ನು ಮಾತ್ರ ಇಲ್ಲಿ ನಕಲು ಮಾಡಿಟ್ಟುಕೊಳ್ಳುತ್ತೇನೆ.

ಈ ಪತ್ರದೊಂದಿಗೆ ಲಗತ್ತಿಸಿರುವ ಕಾಗದಗಳು:

1. ಹದಿನೇಳನೆಯ ವ್ಯಾಖ್ಯೆಯ ಮೊದಲ ಕರಡು, ಅದರ ಮೇಲೆ ನಾನು ಎಳೆದ ಅಡ್ಡಗೆರೆಯ ಸಹಿತ.

2. ಅದೇ ವ್ಯಾಖ್ಯೆಯ ಅಚ್ಚಾದ ರೂಪ. ಬರೆದವಳು ನಾನು.

3. ದೋಷ ನಿವೇದನಾ ನಮೂನೆಯ ಪ್ರತಿ ಮತ್ತು ಇಲಾಖೆಯ ಸ್ವೀಕೃತಿ.

4. ಪ್ರತ್ಯೇಕವಾಸದ ವಹಿ, ಕೊಠಡಿ ಏಳು, ಮಾರ್ಚ್ 13ರಿಂದ 27ರವರೆಗೆ. ಷರಾ ಅಂಕಣವನ್ನು ದಯವಿಟ್ಟು ಓದಬೇಕು. ಅದರ ಕೆಳಗೆ ಸಹಿ ಮಾಡಿದವರು ಓದಿಲ್ಲ.

5. ಸಹಿ ಹಾಕದ ಪ್ರಮಾಣಪತ್ರ, 'ಪದಾವಳಿ ದೋಷರಹಿತವಾಗಿದೆ'.

6. ಹುಡುಗಿ ಪೆನ್ಸಿಲಿನಲ್ಲಿ ಬರೆದ ಒಂದು ಹಾಳೆ, ಎರಡು ಬದಿ. ಅವಳು ಬರೆದ ಹಾಗೆಯೇ ಇದೆ.

7. ಮೇಲಿನ ಯಾವುದಾದರೂ ಪ್ರತಿ ಮಸುಕಾಗಿದ್ದರೆ ಓದಿ ಹೇಳಲು, ನಾನು. ತಮ್ಮ ಕೊಠಡಿಯ ಹೊರಗಿನ ಬೆಂಚಿನ ಮೇಲಿದ್ದೇನೆ, ತಾವು ಕರೆಯುವವರೆಗೂ ಇರುತ್ತೇನೆ. ಪಕ್ಕದಲ್ಲಿರುವವಳು ನನ್ನ ತಂಗಿ. ಅವಳು ಈ ಪ್ರಕರಣದಲ್ಲಿ ಏನೂ ಅಲ್ಲ, ಬೇಡವೆಂದರೂ ಬಂದಿದ್ದಾಳೆ.